ಊಟದ ಗಂಟೆಗೆ ಮುಂಚೆ

ಬೆಲ್ಟಿನ ಮೇಲೆ ಸೋಯಾ ಹಾಲಿನ ಪೊಟ್ಟಣಗಳು ಸಾಲುಗಟ್ಟಿ ಬರುತ್ತಿದ್ದವು. ಎಲ್ಲರೂ ಅಕ್ಕ ಎಂದೇ ಕರೆಯುವ ಆಕೆ ಕಾಲಿಗೆ ಕಾಲು ಹೆಣೆದು ನಿಂತು ಅವನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಊಟದ ಗಂಟೆ ಇನ್ನೂ ದೂರ. ಹಿಂದಿನ ವಾರ ಇದೇ ಜಾಗದಲ್ಲಿ ತಡೆಯಲಾಗದೆ ಬಟ್ಟೆ ಒದ್ದೆಯಾದಾಗ, ಪೊಟ್ಟಣವೊಂದನ್ನು ಬೇಕೆಂದೇ ಒಡೆದು ಮೈಮೇಲೆ ಸುರಿದುಕೊಂಡು ಮಾನ ಉಳಿಸಿಕೊಂಡಿದ್ದಳು.

"ಕುಡಿ, ಇನ್ನೂ ಕುಡಿ ಆ ಹಾಲು," ಪಕ್ಕದಲ್ಲಿದ್ದ ವಾಚಾಳಿ ಪಿಸುಗುಟ್ಟಿದಳು. "ವರ್ಷಗಟ್ಟಲೆ ಸೋಯಾ ಇಳಿಸಿದ್ರೆ ಒಳಗಿನ ಚೀಲ ತೂತಾಗದೆ ಇರುತ್ತಾ?"

"ಬಿಟ್ಟು ಎರಡು ತಿಂಗಳಾಯ್ತು ಕಣೇ. ಉರಿ ಹೋಯ್ತಾ?"

ಕಾರ್ಖಾನೆಯ ಪುಕ್ಕಟೆ ಹಾಲೇ ಉರಿಮೂತ್ರಕ್ಕೆ ಮೂಲವೆಂದು ನಂಬಿ ಹೆಂಗಸರೆಲ್ಲ ಅದನ್ನು ಮೋರಿಗೆ ಚೆಲ್ಲುತ್ತಿದ್ದರು. ನೀರನ್ನಂತೂ ಸಂಜೆಯವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗಬೇಕು; ಹೋದರೆ ಮೇಸ್ತ್ರಿಯ ಬಾಯಿಗೆ ಬೀಳಬೇಕು.

ನಿನ್ನೆ ಡಾಕ್ಟರಮ್ಮ ಅಕ್ಕನಿಂದ ಎಲ್ಲ ಕೇಳಿ ಹೇಳಿದ್ದರು: "ಇಷ್ಟು ವರ್ಷ ಸೋಯಾ ಕುಡಿದಿದ್ದಕ್ಕೆ ಹೀಗಾಯ್ತು ಅಂತ ನಾನು ಹೇಳಲಾರೆ. ಆದ್ರೆ ನೀರು ಕುಡೀದೆ, ದಿನವಿಡೀ ತಡ್ಕೊಂಡು ನಿಂತ್ರೆ ಏನಾಗುತ್ತೆ ಅಂತ ಹೇಳಬಲ್ಲೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀರಲ್ಲಮ್ಮ!"

ಹೊಟ್ಟೆಯ ಕೆಳಗಿನ ಸಂಗತಿಯನ್ನು ನಾಲಿಗೆಗೆ ತರಬಾರದೆಂದು ತಾಯಿ ಕಲಿಸಿದ್ದಳು. ಅತ್ತೆ ಅದನ್ನೇ ತಿದ್ದಿ ತೀಡಿದ್ದಳು. ಅಕ್ಕ ಕೈಗವಸು ಕಳಚಿದಳು.

"ಎಲ್ಲಿಗೆ ಸವಾರಿ?" ಮೇಸ್ತ್ರಿ ಕೂಗಿದ.

"ಉಚ್ಚೆ ಹೊಯ್ಯೋಕೆ!"

ಯಂತ್ರದ ಸದ್ದನ್ನೂ ಮೀರಿ ಆ ಮಾತು ಶೆಡ್ಡಿನ ಕೊನೆ ಮುಟ್ಟಿತು. ಯಾರೋ ಕಿಸಕ್ಕನೆ ನಕ್ಕರು.

"ಪೊಟ್ಟಣ ಬಿದ್ರೆ?"

"ನೀವು ಎತ್ತಿಡಿ ಸ್ವಾಮಿ, ಕೈ ಖಾಲಿ ಇದೆಯಲ್ಲ."

"ಕೆಲ್ಸ ಹೋಗುತ್ತೆ, ಗೊತ್ತಾ?"

"ಹೋದ್ರೆ ಇನ್ನೊಂದು ಹುಡುಕ್ತೀನಿ. ಈ ಮೈ ಕೆಟ್ರೆ ಯಾವ ಅಂಗಡೀಲಿ ತರಲಿ?"

ಅವಳು ಓಡಲಿಲ್ಲ, ತಲೆ ಎತ್ತಿಕೊಂಡು ನಡೆದಳು. ಬಾಗಿಲು ಹಾಕಿಕೊಂಡು, ಯಾರ ಅವಸರವೂ ಇಲ್ಲದೆ ಕೂತಳು. ಕಣ್ಣುಗಳು ತಾವಾಗಿಯೇ ಮುಚ್ಚಿದವು. ಮೈಯೆಲ್ಲ ಹಗುರವಾಗಿ ನಗು ಬಂತು.

ಹಿಂತಿರುಗಿದಾಗ ವಾಚಾಳಿ ಎರಡೂ ಜಾಗಕ್ಕೆ ಕೈ ಚಾಚಿ, ಬೆವರು ಸುರಿಸುತ್ತ ಪೆಟ್ಟಿಗೆ ತುಂಬುತ್ತಿದ್ದಳು. ಒಂದು ಪೊಟ್ಟಣವೂ ನೆಲಕ್ಕೆ ಬಿದ್ದಿರಲಿಲ್ಲ. ಮೇಸ್ತ್ರಿ ಗೋಡೆ ನೋಡುತ್ತಿದ್ದ. ಅಕ್ಕ ಅವನೆದುರೇ ಲೋಟದ ತುಂಬ ನೀರು ಹಿಡಿದು, ಗಟಗಟ ಕುಡಿದು ಬಂದಳು.

"ಪಕ್ಕಕ್ಕೆ ಸರಿಯೇ, ನಿನ್ನ ಜಾಗಾನೂ ನಾನು ನೋಡ್ಕೋತೀನಿ. ಹೋಗಿ ಬಾ."

ವಾಚಾಳಿ ಬಾಗಿಲತ್ತ ಹೊರಟೇಬಿಟ್ಟಳು. ಬೆಲ್ಟಿನ ಆ ತುದಿಯಲ್ಲಿ, ಎಲ್ಲರಿಗಿಂತ ಹಿರಿಯಳಾದ ಹೆಂಗಸು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದಳು.