ಡ್ಯೂಟಿಯಲ್ಲಿ ಯಾರಿದ್ದರು

ರೋಗಿಗಳ ಅಂಕಿಅಂಶ ಜಾಲಾಡಿ ಯಾವ ಔಷಧ ನಾಟುತ್ತದೆ, ಯಾವುದು ಬರೀ ನೀರು ಎಂದು ಹೇಳುವುದು ನಮ್ಮ ಜೀವಸಂಖ್ಯಾಶಾಸ್ತ್ರ ವಿಭಾಗದ ಕಸುಬು. ನಾವೆಲ್ಲ ಸರಾಸರಿ ಮೇಷ್ಟ್ರು ಎಂದು ಕರೆಯುವ ಮುಖ್ಯಸ್ಥರು ಅದನ್ನು ಬಿಟ್ಟು ವಿದ್ಯಾರ್ಥಿಗಳನ್ನೇ ಅಳೆಯತೊಡಗಿದ್ದರು. ಪಿಎಚ್.ಡಿ.ಗೆ ಸೇರುವಾಗ ಎಲ್ಲರೂ 'ಹಿನ್ನೆಲೆ' ಎಂಬಲ್ಲಿ ಗುರುತು ಹಾಕಬೇಕು: ಗಣಿತ, ವೈದ್ಯಕೀಯ, ಜೀವಶಾಸ್ತ್ರ, ಇತರೆ. ಎಂಟು ವರ್ಷ ತುರ್ತು ವಾರ್ಡಿನಲ್ಲಿ ನರ್ಸಾಗಿದ್ದ ನಾನು 'ಇತರೆ'.

ಒಂದು ದಿನ ಮೇಷ್ಟ್ರು ನನ್ನನ್ನು ಕರೆದು, ನನಗಿಂತ ಮೊದಲು ಬಂದ 'ಇತರೆ'ಯವರಲ್ಲಿ ನೂರಕ್ಕೆ ನೂರು ಮಂದಿ ಅರ್ಧಕ್ಕೇ ಬಿಟ್ಟುಹೋಗಿದ್ದಾರೆ ಎಂದು ಮರುಗಿದರು. ಮುಂದಿನ ವಾರದ ಸಭೆಯಲ್ಲಿ 'ಇತರೆ'ಯವರ ಬಾಗಿಲನ್ನೇ ಮುಚ್ಚಿಸಿ, ನನಗೊಂದು ಸಣ್ಣ ಸರ್ಟಿಫಿಕೇಟು ಕೊಟ್ಟು ಸಾಗಹಾಕುತ್ತಾರಂತೆ. ಆ ನೂರಕ್ಕೆ ನೂರು ಎಂದರೆ ಒಬ್ಬ ಮಾಜಿ ಶಾಲಾಮಾಸ್ತರು. ಒಬ್ಬನೇ ಒಬ್ಬ. ಒಬ್ಬನನ್ನು ನೋಡಿ ಎಲ್ಲರನ್ನೂ ಅಳೆಯುವ ಇದೇ ತಪ್ಪಿಗೆ ಮೊದಲ ವರ್ಷದ ಮಕ್ಕಳಿಗೆ ಮೇಷ್ಟ್ರು ಸೊನ್ನೆ ಸುತ್ತುತ್ತಾರೆ.

ನಾನು ಓದಲೆಂದು ನಮ್ಮತ್ತೆ ನಾಲ್ಕು ವರ್ಷದಿಂದ ಮಂಡಿನೋವಿನಲ್ಲೇ ನನ್ನ ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು ಬರುತ್ತಿದ್ದಾರೆ. ಮೇಷ್ಟ್ರೇ ನನ್ನ ಮಾರ್ಗದರ್ಶಕರು. ನನ್ನ ಪ್ರಬಂಧದ ಕರಡು ಹದಿನಾಲ್ಕು ತಿಂಗಳಿಂದ ಅವರ ಮೇಜಿನ ಮೇಲೆ ತಪಸ್ಸು ಮಾಡುತ್ತಿತ್ತು. ಕೇಳಿದಾಗಲೆಲ್ಲ ನೋಡ್ತಾ ಇದೀನಿ ಎನ್ನುತ್ತಿದ್ದರು.

ಸಾಲದೆಂಬಂತೆ ಸಭೆಗೆ ಬೇಕಾದ ಪಟ್ಟಿಯನ್ನೂ ನನ್ನ ತಲೆಗೇ ಕಟ್ಟಿದರು. ನನ್ನ ಗುಂಡಿ ನಾನೇ ತೋಡಬೇಕು. ಹತ್ತು ವರ್ಷದಲ್ಲಿ ಬಿಟ್ಟುಹೋದವರು ಹನ್ನೊಂದು ಮಂದಿ; ಅವರ ಹೆಸರು, ಹಿನ್ನೆಲೆ, ಬಿಟ್ಟ ವರ್ಷ ಎಲ್ಲ ತುಂಬಿದೆ. ವಾರ್ಡಿನಲ್ಲಿ ರೋಗಿ ಕೈತಪ್ಪಿ ಹೋದರೆ ಆಗ ಡ್ಯೂಟಿಯಲ್ಲಿ ಯಾರಿದ್ದರು ಎಂದು ಮೊದಲು ಬರೆಯುತ್ತೇವೆ. ಹಾಳು ಅಭ್ಯಾಸ, ಕೈ ಸುಮ್ಮನಿರಲಿಲ್ಲ. ಕೊನೆಗೆ ಇನ್ನೊಂದು ಕಾಲಮ್ಮು ಸೇರಿಸಿದೆ: ಮಾರ್ಗದರ್ಶಕರು.

ಪಟ್ಟಿಯನ್ನು ಮೂರು ದಿನ ಮೊದಲೇ ಕೊಟ್ಟಿದ್ದೆ. ನಾನು ಕೊಟ್ಟದ್ದನ್ನು ಮೇಷ್ಟ್ರು ಓದುವುದಿಲ್ಲ ಎಂಬ ಪೂರ್ತಿ ಭರವಸೆ ನನಗಿತ್ತು. ಸಭೆಯಲ್ಲಿ ಅದು ಗೋಡೆಯ ಮೇಲೆ ಮೂಡಿತು. ಹನ್ನೊಂದರಲ್ಲಿ ಒಂಬತ್ತು ಸಾಲುಗಳ ಕೊನೆಗೆ ಅವರದೇ ಹೆಸರು. ಗಣಿತದವರು, ಡಾಕ್ಟರುಗಳು, ಆ ಶಾಲಾಮಾಸ್ತರು, ಯಾರಲ್ಲೂ ಅವರು ಭೇದ ಮಾಡಿರಲಿಲ್ಲ.

"ಇಷ್ಟು ಕಮ್ಮಿ ಜನರನ್ನ ಇಟ್ಕೊಂಡು ಯಾವ ತೀರ್ಮಾನಕ್ಕೂ ಬರೋಕಾಗಲ್ಲ," ಎಂದರು ಮೇಷ್ಟ್ರು.

ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಪ್ರೊಫೆಸರಮ್ಮ ಕನ್ನಡಕ ಒರೆಸುತ್ತ ಕೇಳಿದರು: "ಒಂಬತ್ತು ಜನ ಕಮ್ಮಿ ಆಯ್ತಾ? ಹಾಗಾದ್ರೆ ಆ ಇತರೆಯವರು ಎಷ್ಟು ಜನ ಇದ್ರು?"

ಮೇಷ್ಟ್ರು ಲೋಟ ಎತ್ತಿ ನಿಧಾನವಾಗಿ ನೀರು ಕುಡಿದರು. ಬಾಗಿಲು ಮುಚ್ಚುವ ಮಾತು ಅಲ್ಲಿಗೇ ನಿಂತಿತು. ಪ್ರೊಫೆಸರಮ್ಮ ನನ್ನನ್ನು ತಮ್ಮ ಕೈಕೆಳಗೆ ತೆಗೆದುಕೊಂಡರು. ಸಭೆಯ ವರದಿಯಲ್ಲಿ ಮಾತ್ರ ನನ್ನ ಕಾಲಮ್ಮಿನ ಸುದ್ದಿಯೇ ಇಲ್ಲ. 'ಹೆಚ್ಚಿನ ಅಧ್ಯಯನ ಅಗತ್ಯ' ಎಂದು ಬರೆದು ಮೇಷ್ಟ್ರು ಕೈತೊಳೆದುಕೊಂಡರು.

ಸಂಜೆ ಕರಡು ವಾಪಸು ತರಲು ಹೋದೆ. ಮೇಷ್ಟ್ರು ತಲೆ ಎತ್ತದೆ ಮೇಜಿನ ಮೂಲೆಗೆ ಬೆರಳು ತೋರಿಸಿದರು. ಮುಖಪುಟದ ಮೇಲೆ ಕಾಫಿ ಲೋಟದ ದುಂಡು ಕಲೆಗಳು, ಒಳಗೆ ಒಂದು ಪೆನ್ಸಿಲ್ ಗೀಟೂ ಇಲ್ಲ. ಅವರ ಪೆನ್ನನ್ನೇ ತೆಗೆದುಕೊಂಡು ವಾರ್ಡಿನಲ್ಲಿ ರೋಗಿಯನ್ನು ಮನೆಗೆ ಕಳಿಸುವಾಗ ಬರೆಯುವ ಹಾಗೆ ಮುಖಪುಟದ ಮೇಲೆ ಬರೆದೆ: ದಾಖಲಾದ ದಿನ, ಬಿಡುಗಡೆಯಾದ ದಿನ, ಕೊಟ್ಟ ಚಿಕಿತ್ಸೆ: ಏನೂ ಇಲ್ಲ. ಅವರತ್ತ ತಿರುಗಿಸಿ ಇಟ್ಟು, ಇಲ್ಲೊಂದು ಸಹಿ ಬೇಕಿತ್ತು ಅಂದೆ.

ಮೇಷ್ಟ್ರು ಓದದೆ ಸಹಿ ಹಾಕಿದರು.