ಬಿಳಿ ಸೀರೆಯ ಒಂದು ದಿನ

ಹುಚ್ಚಮ್ಮನ ಎಡಭುಜ ಈಗೀಗ ತಲೆ ಬಾಚಿಕೊಳ್ಳುವುದಕ್ಕೂ ಮೇಲೇಳುವುದಿಲ್ಲ. ಗೋಣಿಬೀಡಿನ ಡಾಕ್ಟರು ಮುಲಾಮು ಬರೆದುಕೊಟ್ಟು, "ರೆಸ್ಟ್ ತಗೊಳ್ಳಿ ಅಜ್ಜಿ" ಎಂದಿದ್ದರು. ಹೇಳುವವರಿಗೇನು, ಹೇಳಿಬಿಡುತ್ತಾರೆ. ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ, ಅದೇ ಎಸ್ಟೇಟಿನ ಇನ್ನೊಂದು ಲೈನಿಗೆ ಸೊಸೆಯಾಗಿ ಬಂದು, ಕೂದಲು ಹಣ್ಣಾದ ಮೇಲೂ ದಿನಗೂಲಿಗೆ ಹೋಗುತ್ತಿದ್ದ ಹೆಂಗಸಿಗೆ ರೆಸ್ಟ್ ಎಂದರೆ ಹೇಗಿರುತ್ತದೆಂದು ಯಾರು ತೋರಿಸಿಕೊಟ್ಟಿದ್ದರು? ಅವಳ ಲೆಕ್ಕದಲ್ಲಿ ಅಂಥದ್ದು ಒಂದೇ ಒಂದು ದಿನವಿತ್ತು.

ಆ ದಿನದ ಕತೆ ಕೇಳಿ ಕೇಳಿ ಲೈನಿನವರ ಕಿವಿ ತೂತು ಬಿದ್ದಿತ್ತು. ಎಂಬತ್ತರ ದಶಕದಲ್ಲಿ ಯಾರೋ ಕಾಸಿಲ್ಲದ ಸಿನಿಮಾದವರು ಒಂದು ಹಳೇ ವ್ಯಾನಿನಲ್ಲಿ ಬಂದು, ಪಾಳುಬಿದ್ದ ಬಂಗಲೆಯಲ್ಲಿ ದೆವ್ವದ ಪಿಚ್ಚರ್ ತೆಗೆದರು. ಹೆದರಿಸುವುದೂ ಅದರಲ್ಲೇ, ನಗಿಸುವುದೂ ಅದರಲ್ಲೇ. ದೆವ್ವವಾಗಬೇಕಿದ್ದ ಹೀರೋಯಿನ್ನಿನ ಕಾಲಿಗೆ ಜಿಗಣೆಯಂಥ ಇಂಬಳ ಹತ್ತಿ ರಕ್ತ ಕಂಡದ್ದೇ ತಡ, ಕಾಫಿ ಗಿಡದೊಳಗೆ ಕಾಲಿಡುವುದಿಲ್ಲ ಎಂದು ವ್ಯಾನು ಹತ್ತಿ ಕೂತಳು. ಡೈರೆಕ್ಟರು ಅವಳಷ್ಟೇ ಎತ್ತರದ, ಸೊಂಟ ಮುಟ್ಟುವ ಕೂದಲಿನ ಹುಚ್ಚಮ್ಮನನ್ನು ಕೆಲಸದ ಸಾಲಿನಿಂದ ಎಳೆದು ತಂದು ಬಿಳಿ ಸೀರೆ ಉಡಿಸಿದರು.

"ನೀನು ಏನೂ ಮಾಡಬೇಡಮ್ಮ. ಸುಮ್ಮನೆ ನಡಿ, ಸಾಕು" ಎಂದರು.

ಸುಮ್ಮನೆ ನಡಿ! ಬುಟ್ಟಿಯಿಲ್ಲ, ಕತ್ತಿಯಿಲ್ಲ, ಹಿಂದಿನಿಂದ ಮೇಸ್ತ್ರಿಯ ಕೂಗಿಲ್ಲ. ಕುರ್ಚಿ ಹಾಕಿ ಕೂರಿಸಿ ಇಡ್ಲಿ ಕೊಟ್ಟರು. "ಅವತ್ತು ನಾನು ಇಲ್ಲಿಯ ಕಡ್ಡಿ ಎತ್ತಿ ಅಲ್ಲಿ ಇಡಲಿಲ್ಲ" ಎಂದು ಹುಚ್ಚಮ್ಮ ಹೇಳುವಾಗ ಮುಖ ಒಂದು ಕ್ಷಣ ಹಗುರಾಗುತ್ತಿತ್ತು. ಗಂಡ ಕುಡಿದು ಬಂದ ದಿನಗಳಲ್ಲಿ, ಬಾಣಂತನ ಮುಗಿಯುವ ಮೊದಲೇ ಕೊಯ್ಲಿಗೆ ಹೋದ ದಿನಗಳಲ್ಲಿ ಅವಳು ಆ ಒಂದು ದಿನವನ್ನೇ ನೆನೆದು ಬದುಕಿದ್ದಳು ಎಂದರೆ ಸುಳ್ಳಲ್ಲ.

ನಂಬುವವರು ಮಾತ್ರ ಇರಲಿಲ್ಲ. ಅವತ್ತು ನೋಡಿದ್ದವರಲ್ಲಿ ಅರ್ಧ ಜನ ತೀರಿಕೊಂಡಿದ್ದರು, ಉಳಿದವರು ಎಸ್ಟೇಟು ಬಿಟ್ಟು ಹೋಗಿದ್ದರು. ಪಿಚ್ಚರ್ ಮೂಡಿಗೆರೆಗೆ ಬಂದದ್ದು ಕಾಫಿ ಹಣ್ಣಿನ ಕೊಯ್ಲಿನ ನಡುವೆ. ಕೊಯ್ಲಿನಲ್ಲಿ ರಜೆ ಕೇಳಿದರೆ ಮೇಸ್ತ್ರಿ ನಗುತ್ತಿದ್ದ. ಕೊಯ್ಲು ಮುಗಿಯುವಷ್ಟರಲ್ಲಿ ಪಿಚ್ಚರೂ ಎತ್ತಂಗಡಿಯಾಗಿತ್ತು. ಪಕ್ಕದ ಮನೆಯ ಯಲ್ಲಮ್ಮ ಶೂಟಿಂಗಿನ ದಿನ ಬಾಳೂರಿನ ತವರಿಗೆ ಹೋಗಿದ್ದವಳು. ಅವತ್ತಿನಿಂದ ಇವತ್ತಿನವರೆಗೂ, "ಸುಳ್ಳು ಹೇಳಿದ್ರೂ ಸುಣ್ಣ ಹೊಡ್ದಂಗೆ ಇರ್ಬೇಕು ನೋಡು" ಎಂದು ರೇಗಿಸುತ್ತಲೇ ಬಂದಿದ್ದಳು.

ಹಾಗಿರುವಾಗ ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಪವಿತ್ರಾ ಒಂದು ಭಾನುವಾರ ಮಧ್ಯಾಹ್ನ ಫೋನು ಹಿಡಿದು ಓಡಿಬಂದಳು.

"ಅಜ್ಜಿ, ನಿನ್ನ ಪಿಚ್ಚರ್ ಯೂಟ್ಯೂಬಿಗೆ ಬಂದಿದೆ! ಪೂರ್ತಿ ಇದೆ, ಬಾ ಟಿವಿಗೆ ಹಾಕ್ತೀನಿ."

ಹುಚ್ಚಮ್ಮ ತಡಬಡಿಸಿ ಎದ್ದಳು. ಆದರೂ ಗೋಡೆಯಾಚೆಗೆ, "ಯಲ್ಲೀ, ಬಾ ಇಲ್ಲಿ. ಕಣ್ಣು ಕಾಣ್ಸೋವಾಗ್ಲೇ ನೋಡ್ಕಂಡ್ ಹೋಗು" ಎಂದು ಕೂಗಲು ಮರೆಯಲಿಲ್ಲ. ಯಲ್ಲಮ್ಮ ಎಲೆಅಡಿಕೆಯ ಸಂಚಿ ಸಮೇತ ಬಂದು ಟಿವಿಯ ಎದುರಿಗೇ ಕೂತಳು.

ಪಿಚ್ಚರೋ, ದೇವರೇ ಕಾಪಾಡಬೇಕು. ಬಂಗಲೆಯಲ್ಲಿ ಕಳ್ಳಮಾಲು ಬಚ್ಚಿಟ್ಟವನೊಬ್ಬ ದೆವ್ವದ ಪುಕಾರು ಹಬ್ಬಿಸುತ್ತಾನೆ. ಅಷ್ಟರಲ್ಲಿ ನಿಜವಾದ ದೆವ್ವವೇ ಬಂದು ಅವನ ಹಿಂದೆ ಬೀಳುತ್ತದೆ. ನಡುನಡುವೆ ಒಬ್ಬ ಡೊಳ್ಳುಹೊಟ್ಟೆಯ ಅಡುಗೆಭಟ್ಟ ಬೆದರಿ ಬೆದರಿ ಸಾರಿನ ಪಾತ್ರೆ ಕೆಡವುತ್ತಾನೆ. ಉರಿಬಿಸಿಲಿನಲ್ಲಿ ತೆಗೆದು ನೀಲಿ ಬಣ್ಣ ಬಳಿದು ರಾತ್ರಿ ಮಾಡಿದ್ದರು. ನೆರಳುಗಳು ಮಾತ್ರ ಮಟಮಟ ಮಧ್ಯಾಹ್ನದವೇ. ಯಲ್ಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಚ್ಚಮ್ಮ ನಗಲಿಲ್ಲ, ಕಾಯುತ್ತಿದ್ದಳು.

ಕೊನೆಗೂ ದೆವ್ವ ಬಂತು. ಕೂದಲು ಸರಿಸಿತು. ಪೌಡರು ಬಳಿದ ಹೀರೋಯಿನ್ನಿನ ಮುಖ.

"ಇವ್ಳಾ ನೀನು?" ಎಂದಳು ಯಲ್ಲಮ್ಮ. "ಆ ಮೂಗೆಲ್ಲಿ, ನಿನ್ನ ಮೂಗೆಲ್ಲಿ ಮಾರಾಯ್ತಿ!"

ಪವಿತ್ರಾ ಅಜ್ಜಿಯ ಕಡೆ ನೋಡಲಾರದೆ ತಲೆ ತಗ್ಗಿಸಿದಳು. ಹುಚ್ಚಮ್ಮನಿಗೆ ಅಳು ಬರುವಂತಾಯಿತು. ಮುಖ ಮಾತ್ರ ಹೀರೋಯಿನ್ನಿನದೇ ತೆಗೆಯುತ್ತಾರೆಂದು ತನಗೆ ಯಾರೂ ಹೇಳಿರಲಿಲ್ಲವಲ್ಲ.

ಆಮೇಲೆ ಆ ಸೀನು ಬಂತು. ಬಿಳಿ ಸೀರೆಯ ಹೆಂಗಸು ಬೆನ್ನು ತೋರಿಸಿ, ಕೂದಲು ಇಳಿಬಿಟ್ಟು ಕಾಫಿ ಗಿಡಗಳ ನಡುವೆ ತೇಲಿದಂತೆ ನಡೆಯುತ್ತಿದ್ದಾಳೆ. ಭಟ್ಟ ನೆರಳಿಗೆ ನೆಟ್ಟ ಸಿಲ್ವರ್ ಮರ ತಬ್ಬಿಕೊಂಡು ಗಡಗಡ ನಡುಗುತ್ತಿದ್ದಾನೆ. ನಡೆಯುತ್ತ ನಡೆಯುತ್ತಲೇ ದೆವ್ವದ ಎಡಗೈ ಮೇಲೆದ್ದು, ಪಕ್ಕದ ಗಿಡದ ಕಾಂಡದಲ್ಲಿ ಎದ್ದಿದ್ದ ಬೇಡದ ಚಿಗುರನ್ನು ಚಟ್ಟನೆ ಮುರಿದು ಬುಡಕ್ಕೆ ಎಸೆಯಿತು. ಎರಡು ಹೆಜ್ಜೆ ಮುಂದೆ ಇನ್ನೊಂದು ಗಿಡ, ಇನ್ನೊಂದು ಚಿಗುರು. ಆ ಚಿಗುರು ಬಿಟ್ಟರೆ ಗಿಡದ ಸತ್ವವೆಲ್ಲ ಅದಕ್ಕೇ ಹೋಗುತ್ತದೆಂದು ಎಸ್ಟೇಟಿನ ಹೆಂಗಸರು ವರ್ಷಾ ವರ್ಷಾ ಮುರಿಯುವುದು ಹೀಗೆಯೇ.

ಯಲ್ಲಮ್ಮ ನಗು ನಿಲ್ಲಿಸಿ ಟಿವಿಯ ಹತ್ತಿರಕ್ಕೆ ಸರಿದಳು. "ಅಯ್ಯೋ, ಎಡಗೈ! ನನ್ನ ಪಕ್ಕದ ಸಾಲಲ್ಲಿ ಎಡಗೈಲಿ ಚಿಗುರು ಮುರೀತಿದ್ದವ್ಳು ನೀನೊಬ್ಳೇ ಅಲ್ವೇನೇ? ನೀನೇ ಕಣೆ ಅದು! ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ, ದೆವ್ವ ಆದ್ರೂ ಹೋಗ್ಲಿಲ್ಲ ನೋಡು!"

ಪವಿತ್ರಾ ಕುಣಿದೇಬಿಟ್ಟಳು. ಪಿಚ್ಚರನ್ನು ದೆವ್ವ ಕೈ ಎತ್ತಿದ ಕಡೆಯೇ ನಿಲ್ಲಿಸಿ, ಫೋನಿನಲ್ಲಿ ಜನ ಬರೆದದ್ದನ್ನು ಓದತೊಡಗಿದಳು. "ಅಜ್ಜಿ, ಕೇಳಿಲ್ಲಿ. ಎಲ್ಲರಿಗೂ ಈ ಸೀನೇ ಇಷ್ಟ. 'ದೆವ್ವಕ್ಕೂ ಎಸ್ಟೇಟ್ ಡ್ಯೂಟಿ' ಅಂತ ಬರ್ದಿದ್ದಾರೆ. 'ಎಂಥಾ ಕಾಮಿಡಿ ಐಡಿಯಾ, ಡೈರೆಕ್ಟರ್ ತಲೆಯೇ ತಲೆ' ಅಂತೆ!"

ಡೈರೆಕ್ಟರ ತಲೆಗೂ ಅದಕ್ಕೂ ಏನು ಸಂಬಂಧ? ಇನ್ನೊಂದು ಸಲ ತೆಗೆಯಲು ಅವರ ಹತ್ತಿರ ರೀಲು ಇದ್ದಿರಲಿಕ್ಕಿಲ್ಲ, ಅಷ್ಟೇ. ಜೀವಮಾನವಿಡೀ ಬೇಡಿದ್ದ ಸಾಕ್ಷಿ ಕಣ್ಣೆದುರಿಗಿತ್ತು. ಯಲ್ಲಮ್ಮನೇ ಒಪ್ಪಿಕೊಂಡು ಎಲೆಅಡಿಕೆ ಮಡಿಸಿ ಕೊಡುತ್ತಿದ್ದಳು. ಹುಚ್ಚಮ್ಮ ಅದನ್ನು ತೆಗೆದುಕೊಳ್ಳಲಿಲ್ಲ.

"ಏನೂ ಮಾಡ್ಬೇಡ, ಸುಮ್ನೆ ನಡಿ ಅಂದಿದ್ರು" ಎಂದಳು ಮೆಲ್ಲಗೆ. "ನಾನು ಸುಮ್ನೆ ನಡ್ದೆ ಅಂತ್ಲೇ ಇಷ್ಟು ದಿನ ಅನ್ಕಂಡಿದ್ದೆ."

"ಅಯ್ಯೋ, ಅದಕ್ಕೆಂತಕ್ಕೆ ಬೇಜಾರು?" ಎಂದಳು ಯಲ್ಲಮ್ಮ.

ಪರದೆಯ ಮೇಲೆ ಬಿಳಿ ಸೀರೆಯ ಹುಡುಗಿ ಎಡಗೈ ಎತ್ತಿ ಗಿಡದ ಮುಂದೆ ಹಾಗೇ ನಿಂತಿದ್ದಳು. ಹುಚ್ಚಮ್ಮನ ಬಲಗೈ ತಾನಾಗಿ ಎಡಭುಜವನ್ನು ಒತ್ತಿಕೊಂಡಿತು.

"ಅದನ್ನ ಮುಂದಕ್ಕೆ ಬಿಡೇ ಪವಿ" ಎಂದಳು. "ಎಷ್ಟೊತ್ತು ಅಂತ ಕೈ ಎತ್ಕಂಡೇ ನಿಂತಿರ್ತಾಳೆ ಅವ್ಳು. ನೋಯತ್ತೆ."