ಬೆನ್ನು ತಟ್ಟಿದ್ದು

ಅಣ್ಣನ ಎಡಗೈ ಪಟ್ಟಿಯಲ್ಲಿತ್ತು. ಬಲಗೈಯಲ್ಲಿ ಸೂಜಿ ಹಿಡಿದರೆ ದಾರ ಪೋಣಿಸಲು ಕೈಯಿಲ್ಲ. ದಾರ ಹಿಡಿದರೆ ಸೂಜಿಗೆ ಕೈಯಿಲ್ಲ. ಸೂಜಿಯನ್ನು ಸೋಪಿನ ತುಂಡಿಗೆ ಚುಚ್ಚಿ ನಿಲ್ಲಿಸಿ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ ಗುರಿಯಿಡುತ್ತಿದ್ದ.

"ಗುಂಡಿ ಹಾಕೋಕೆ ಕೂತಿದ್ದೀರೋ, ಬೇಟೆಗೆ ಹೊರಟಿದ್ದೀರೋ?" ಎನ್ನುತ್ತಿದ್ದಳು ಅತ್ತಿಗೆ.

ಮನೆಯಲ್ಲಿ ನಗುವಿತ್ತು. ಅಂಗಡಿಯಲ್ಲಿ ಬಟ್ಟೆ ಇರಲಿಲ್ಲ. ಒಂದು ಕೈಯ ದರ್ಜಿಗೆ ಯಾರು ಅಳತೆ ಕೊಡುತ್ತಾರೆ?

ಗಂಡ ತೀರಿಕೊಂಡ ಮೇಲೆ ನಾನು ಈ ಅಂಗಡಿಯ ಹಿಂದಿನ ಕೋಣೆಗೆ ಬಂದಿದ್ದೆ. ಕಾಜಾ ಹೊಲಿಯುತ್ತಿದ್ದೆ. ಓದಿದವಳೆಂದು ಸಾಹುಕಾರರು ತಮ್ಮ ಪೋಸ್ಟರುಗಳನ್ನು ನನ್ನಿಂದ ಬರೆಸುತ್ತಿದ್ದರು. ಅಂಗಡಿ ಅವರದು. ಹಿತ್ತಲಿನ ಕೋಳಿಶೆಡ್ಡೂ ಅವರದೇ. ರೋಗ ಬಂದು ಕೋಳಿಗಳೆಲ್ಲ ಸತ್ತು ಶೆಡ್ಡು ಖಾಲಿ ಬಿದ್ದಾಗ ಅವರ ತಲೆಗೆ ಹೊಸದೊಂದು ಹೊಳೆಯಿತು. ಕುಸ್ತಿಯವನು ಕುಸ್ತಿಯವನ ಜೊತೆ, ಜೂಡೋದವನು ಜೂಡೋದವನ ಜೊತೆ ಸೆಣಸುವುದನ್ನು ಜನ ನೋಡಿ ನೋಡಿ ಸಾಕಾಗಿದ್ದಾರೆ. ಇಬ್ಬರನ್ನೂ ಒಂದೇ ಬೋನಿನಲ್ಲಿ ಬಿಟ್ಟರೆ?

ಕೋಳಿಜಾಲರಿಯಲ್ಲೇ ಬೋನು ಕಟ್ಟಿಸಿದರು. ಬಾಗಿಲಿನ ಚಿಲಕ ಹೊರಗಡೆ ಇತ್ತು, ಕೋಳಿಗಳ ಕಾಲದ್ದು. ಎಷ್ಟು ತೊಳೆದರೂ ಮೂಲೆಯಿಂದ ಒಂದು ಪುಕ್ಕವಾದರೂ ಹಾರಿ ಬರುತ್ತಿತ್ತು.

"ನಿಯಮವೇ ಇಲ್ಲ ಅಂತ ದಪ್ಪಕ್ಷರದಲ್ಲಿ ಬರಿಯಮ್ಮ," ಎಂದರು.

"ಅಂದ್ರೆ ಯಾರು ಏನು ಮಾಡಿದ್ರೂ ನಡೆಯುತ್ತಾ ಸಾಹುಕಾರ್ರೇ?"

"ಜನ ಬರೋದೇ ಅದಕ್ಕಲ್ವಾ!"

ಅಣ್ಣ ಹುಡುಗನಾಗಿದ್ದಾಗ ಜೂಡೋ ಕಲಿತಿದ್ದ. ಅದರ ದಪ್ಪ ಕೋಟನ್ನು ತಾನೇ ಹೊಲಿದುಕೊಂಡಿದ್ದ. ಸಾಹುಕಾರರು ಅಂಗಡಿಗೆ ಬಂದು ಆ ಕೋಟನ್ನು ಮುಟ್ಟಿ ನೋಡಿದರು. "ಒಳ್ಳೇ ಹೊಲಿಗೆ. ಅಂಗಡಿ ಬೇಕೋ ಬೇಡ್ವೋ?" ಎಂದು ಕೇಳಿದರು. ಅಣ್ಣ ಬೋನಿಗಿಳಿಯಲು ಒಪ್ಪಿಕೊಂಡ.

ಎದುರಾಳಿ ಸಾಹುಕಾರರ ಗೋದಾಮಿನ ಹಮಾಲಿ. ಎಲ್ಲರೂ ಅವನನ್ನು ಮೂಟೆ ಎಂದೇ ಕರೆಯುತ್ತಿದ್ದರು. ಹೊರುವುದೂ ಅದನ್ನೇ, ಇರುವುದೂ ಹಾಗೇ. ಕುಸ್ತಿಯಲ್ಲಿ ಪಳಗಿದವನು.

ಸಿಳ್ಳೆ ಸಾಹುಕಾರರ ಭಾಮೈದನ ಕೊರಳಲ್ಲಿತ್ತು. ಆದರೆ ಅದನ್ನು ಊದಬೇಕಾದರೆ ಸಾಹುಕಾರರು ಕರವಸ್ತ್ರ ಬೀಸಬೇಕು. ಅದೊಂದು ಅಪ್ಪಣೆ ಇತ್ತು.

ಆ ದಿನ ಮೂಟೆ ಅಣ್ಣನ ಎಡಗೈಯನ್ನು ಹಿಡಿದು ತಿರುಚಿದ. ಅಣ್ಣ ಅವನ ಬೆನ್ನನ್ನು ಎರಡು ಸಲ ತಟ್ಟಿದ. ಮೂಟೆ ಇನ್ನಷ್ಟು ತಿರುಚಿದ. ಅಣ್ಣ ಮತ್ತೆ ತಟ್ಟಿದ, ಜೋರಾಗಿ. ಮೂಟೆಯ ಮುಖ ಅರಳಿತು. ಪಟ್ಟು ಬಿಗಿಯಾಯಿತು. ಮೊಣಕೈ ಮುರಿದ ಸದ್ದು ಹಿಂದಿನ ಬೆಂಚಿನವರಿಗೂ ಕೇಳಿಸಿತು. ಆಮೇಲೆ ಕರವಸ್ತ್ರ ಹಾರಿತು.

ಮರುದಿನ ಮೂಟೆ ಅಂಗಡಿಯ ಮೆಟ್ಟಿಲಲ್ಲಿ ಬಂದು ನಿಂತ.

"ಕಿವುಡೇನೋ ನಿನಗೆ?" ಅತ್ತಿಗೆ ಕತ್ತರಿ ಹಿಡಿದೇ ಕೇಳಿದಳು. "ಅಷ್ಟು ತಟ್ಟಿದ್ರಲ್ಲ!"

"ತಟ್ಟಿದ್ರು ಅಕ್ಕ. ಗೊತ್ತಾಯ್ತು."

"ಗೊತ್ತಾಗಿ ಮುರಿದ್ಯಾ?"

"ನಮ್ಮಲ್ಲಿ ಬೆನ್ನು ತಟ್ಟಿದ್ರೆ ಶಭಾಷ್ ಅಂತ ಅಕ್ಕ. ಉಸ್ತಾದರು ಹಾಗೇ ತಟ್ಟೋರು. ಪಾಪ, ಎಷ್ಟು ಒಳ್ಳೇ ಮನುಷ್ಯ, ಸೋಲ್ತಾ ಇದ್ರೂ ಮೆಚ್ಕೊಳ್ತಾನಲ್ಲ ಅಂತ ನನಗೆ ಹುರುಪು ಬಂತು. ಎರಡನೇ ಸಲ ತಟ್ಟಿದಾಗ ಇನ್ನೂ ಚೆನ್ನಾಗಿ ಮಾಡೋಣ ಅನ್ನಿಸ್ತು."

ಅಣ್ಣ ಅವನ ಮುಖವನ್ನೇ ನೋಡಿದ. "ಜೂಡೋದಲ್ಲಿ ಅದಕ್ಕೆ 'ಸಾಕು, ಬಿಡು' ಅಂತ ಅರ್ಥ ಕಣೋ ಮಾರಾಯ."

ಮೂಟೆ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಳುವ ಹಾಗಾದ. ಮೊದಲು ನಕ್ಕಿದ್ದು ಅಣ್ಣನೇ. ನಕ್ಕರೆ ಮೊಣಕೈ ನೋಯುತ್ತಿತ್ತು. ಆದರೂ ನಕ್ಕ.

ಅಂದಿನಿಂದ ಗೋದಾಮಿನ ಕೆಲಸ ಮುಗಿಸಿ ಮೂಟೆ ಅಂಗಡಿಗೆ ಬರತೊಡಗಿದ. ಅಣ್ಣ ಬಲಗೈಯಲ್ಲಿ ಬಟ್ಟೆ ಹಿಡಿದರೆ ಇವನು ಎಡಗೈಯಾಗುತ್ತಿದ್ದ. ಅಣ್ಣ 'ಎಳಿ' ಎಂದರೆ ಎಳೆಯುತ್ತಿದ್ದ, ಎಳೆದರೆ ಹರಿಯುತ್ತಿತ್ತು. ಇಬ್ಬರೂ ಸೇರಿ ಹೊಲಿದ ಮೊದಲ ದಿಂಬಿನ ಚೀಲ ನೋಡಿ ಅತ್ತಿಗೆ, "ಹೊಲಿಗೆ ಕುಡಿದು ಮನೆಗೆ ಹೋಗ್ತಾ ಇದೆ," ಎಂದಳು.

ಅಷ್ಟರಲ್ಲಿ ಸಾಹುಕಾರರು ಬಂದರು. ಮೂಳೆ ಇನ್ನೂ ಕೂಡಿರಲಿಲ್ಲ.

"ಜನ ಕೇಳ್ತಾ ಇದ್ದಾರಪ್ಪ. ಅದೇ ಜೋಡಿ ಬೇಕಂತೆ. ಬರಿಯಮ್ಮ: ಒಂಟಿಗೈ ದರ್ಜಿಯ ಸೇಡು!"

"ಇವರಿಗೆ ಕೆಲಸ ಮಾಡೋ ಕೈ ಉಳಿದಿರೋದು ಒಂದೇ," ಎಂದಳು ಅತ್ತಿಗೆ.

"ಅದಕ್ಕೇ ಅಲ್ವೇನಮ್ಮ ಮಜಾ!"

ಅಣ್ಣ ಬೇಡಿಕೊಳ್ಳಲಿಲ್ಲ. ನಿಧಾನವಾಗಿ ಹೇಳಿದ. "ಇಳೀತೀನಿ. ಒಂದೇ ಒಂದು ನಿಯಮ ಹಾಕಿ. ತಟ್ಟಿದ್ರೆ ಬಿಡಬೇಕು. ಅಷ್ಟೇ."

ಸಾಹುಕಾರರಿಗೆ ನಿಜವಾಗಿ ನೋವಾಯಿತು. "ಒಂದು ನಿಯಮ ಹಾಕಿದ್ರೂ 'ನಿಯಮವೇ ಇಲ್ಲ' ಅನ್ನೋದು ಸುಳ್ಳಾಗುತ್ತಲ್ಲಪ್ಪ. ನಾನು ಜನಕ್ಕೆ ಸುಳ್ಳು ಹೇಳೋನಲ್ಲ."

ಹೋಗುವಾಗ ಮೂಟೆಯ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದೊಯ್ದರು. ಮೂಟೆ ಹಿಂತಿರುಗಿದಾಗ ಮುಖ ಸೊಟ್ಟಗಾಗಿತ್ತು.

"ಏನಂತೆ?"

"ಈ ಸಲ ಬಲಗೈ ಹಿಡೀಬೇಕಂತೆ. ಇಲ್ಲ ಅಂದ್ರೆ ಗೋದಾಮಿಗೆ ಬರಬೇಡ ಅಂದ್ರು."

ಅತ್ತಿಗೆ ಹಲ್ಲಿನಿಂದ ದಾರ ಕಡಿದಳು.

"ಮೂಟೆ, ಸಾಹುಕಾರ್ರಿಗೂ ಒಂದು ಬೆನ್ನಿದೆ. ಎರಡು ಕೈಯಿದೆ. ಅಲ್ವಾ?"

"ಇದೆ ಅಕ್ಕ."

"ಅವರು ತಟ್ಟಿದ್ರೆ ಯಾವ ಅರ್ಥ ಅಂತ ಯಾರಾದ್ರೂ ಕೇಳಿದ್ದಾರಾ?"

ಮೂಟೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ನಗು ನಿಲ್ಲಿಸಲು ನೀರು ಕುಡಿಸಬೇಕಾಯಿತು.

ನಾನು ಪೋಸ್ಟರ್ ತೆಗೆದುಕೊಂಡು ಹೋಗಿ ಸಾಹುಕಾರರಿಗೆ ತೋರಿಸಿದೆ. ಒಂದು ಸಾಲು ಜಾಸ್ತಿ ಬರೆದಿದ್ದೆ: ಯಾರು ಯಾರ ಜೊತೆ ಬೇಕಾದರೂ ಸೆಣಸಬಹುದು.

"ಶಭಾಷ್!" ಎಂದರು. "ಓದಿದವರು ಅಂದ್ರೆ ಹೀಗಿರಬೇಕು."

ಆ ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎಂದಿನಂತೆ ಸಾಹುಕಾರರೇ ಮೈಕು ಹಿಡಿದು ಬೋನಿನೊಳಗೆ ಹೋದರು. ಬೆಳ್ಳಗಿನ ಶರ್ಟು ಹಾಕಿದ್ದರು. ಅಣ್ಣ ಒಂದು ಮೂಲೆಯಲ್ಲಿದ್ದ, ಮೂಟೆ ಇನ್ನೊಂದರಲ್ಲಿ.

"ಇಲ್ಲಿ ನಿಯಮವೇ ಇಲ್ಲ! ಯಾರು ಯಾರ ಜೊತೆ ಬೇಕಾದರೂ..."

ಚಿಲಕ ಬಿದ್ದ ಸದ್ದಾಯಿತು. ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಮೂಟೆ ಹಿಂದಿನಿಂದ ಬಂದು ಸಾಹುಕಾರರನ್ನು ತಬ್ಬಿಕೊಂಡ. ಗೋದಾಮಿನಲ್ಲಿ ಸಕ್ಕರೆ ಚೀಲ ಎತ್ತುವ ಹಾಗೆ, ಹರಿಯದಂತೆ, ಸೋರದಂತೆ ಎತ್ತಿದ. ಮೈಕು ಹಿಡಿದ ಬಲಗೈ ಗಲ್ಲಕ್ಕೆ ಅಂಟಿಕೊಂಡಿತು. ಎಡಗೈ ಮಾತ್ರ ಕೆಳಗೆ ಬಡಿದಾಡುತ್ತಿತ್ತು.

"ಏಯ್! ಬಿಡೋ! ಏನೋ ಇದು?" ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಯಾರ ಜೊತೆ ಬೇಕಾದ್ರೂ ಅಂದ್ರಲ್ಲ ಧಣಿ. ನಾನು ನಿಮ್ಮನ್ನ ಆರಿಸ್ಕೊಂಡೆ."

ಜನ ಹೋ ಎಂದರು. ಭಾಮೈದ ಸಿಳ್ಳೆಯನ್ನು ಬಾಯಿಗಿಟ್ಟುಕೊಂಡು ಜಾಲರಿಯ ಸುತ್ತ ಓಡಾಡಿದ.

"ಊದೋ ಕತ್ತೆ!"

"ಕರವಸ್ತ್ರ ಬೀಸಿ ಭಾವ!"

"ಜೇಬಿಗೆ ಕೈ ಎಟುಕಬೇಕಲ್ಲೋ!"

"ಅಪ್ಪಣೆ ಇಲ್ದೆ ಊದಿದ್ರೆ ಆಮೇಲೆ ನೀವೇ ಬೈತೀರಿ!"

ಮೂಟೆ ಅಪ್ಪುಗೆಯನ್ನು ಒಂದಿಷ್ಟು ಬಿಗಿ ಮಾಡಿದ. ಸಾಹುಕಾರರು ಉಸಿರೆಳೆದುಕೊಂಡು ಎಡಗೈಯಲ್ಲಿ ಅವನ ತೊಡೆಯನ್ನು ಪಟಪಟ ತಟ್ಟಿದರು.

"ನೋಡ್ರಪ್ಪ, ಶಭಾಷ್ ಅಂತಿದ್ದಾರೆ!" ಮೂಟೆ ಜನರಿಗೆ ಹೇಳಿದ. "ಎಂಥ ದೊಡ್ಡ ಮನಸ್ಸು! ಇನ್ನೂ ಚೆನ್ನಾಗಿ ಮಾಡ್ತೀನಿ ಧಣಿ."

"ಶಭಾಷ್ ಅಲ್ಲ ಕಣೋ!"

"ಮತ್ತೇನು?"

"ಸಾಕು ಅಂತ! ಬಿಡು ಅಂತ!"

ಅಣ್ಣ ಹತ್ತಿರ ಬಂದು ತನ್ನ ಪಟ್ಟಿ ಕಟ್ಟಿದ ಕೈಯನ್ನು ಅವರ ಮುಖದೆದುರು ಹಿಡಿದ. "ಹಾಗಂತ ನಿಯಮ ಎಲ್ಲಿದೆ ಸಾಹುಕಾರ್ರೇ?"

ಸಾಹುಕಾರರು ಆ ಕೈಯನ್ನು ನೋಡಿದರು. ಜನರನ್ನು ನೋಡಿದರು. ಮೂಟೆಯ ತೋಳು ಇನ್ನಷ್ಟು ಬಿಗಿಯಾಯಿತು.

"ತಟ್ಟಿದ್ರೆ ಬಿಡಬೇಕು!" ಕಿರುಚಿದರು. "ತಟ್ಟಿದ್ರೆ ಬಿಡಬೇಕು ಕಣ್ರೋ! ಅದೇ ನಿಯಮ!"

ಜನರ ಕೂಗಿಗೆ ಶೆಡ್ಡಿನ ತಗಡು ಅದುರಿತು. ಮೂಟೆ ಆ ಕ್ಷಣವೇ ಬಿಟ್ಟ. ಶರ್ಟಿನ ಸುಕ್ಕನ್ನೂ ಸರಿಮಾಡಿದ. ಅಣ್ಣ ತನ್ನ ಬಲಗೈಯ ಒಂದು ಬೆರಳನ್ನು ಮೂಟೆಯ ಹೆಗಲ ಮೇಲಿಟ್ಟ. ಮೂಟೆ ಧೊಪ್ಪನೆ ನೆಲಕ್ಕೆ ಬಿದ್ದು ಹಾಸನ್ನು ಎರಡು ಸಲ ತಟ್ಟಿದ. ಜನರೇ ಎಣಿಸಿದರು, ಜನರೇ "ಬಿಡು!" ಎಂದು ಕೂಗಿದರು. ಅಣ್ಣ ಬೆರಳು ತೆಗೆದ. ಪಂದ್ಯ ಮುಗಿಯಿತು.

ಅಂಗಡಿ ಖಾಲಿ ಮಾಡಿ ಎಂದು ಸಾಹುಕಾರರು ಹೇಳಿಕಳಿಸುತ್ತಾರೆಂದು ಕಾದೆವು. ಆದರೆ ಮುಂದಿನ ವಾರ "ಬಿಡು!" ಎಂದು ಕೂಗಲೆಂದೇ ಎರಡರಷ್ಟು ಜನ ಬಂದರು. ಸಾಹುಕಾರರ ಸಿಟ್ಟಿಗಿಂತ ಟಿಕೆಟ್ಟಿನ ದುಡ್ಡು ದೊಡ್ಡದಾಯಿತು.

ಆಮೇಲೆ ಒಂದೊಂದೇ ನಿಯಮ ಬಂತು. ಕಣ್ಣಿಗೆ ಬೆರಳು ಹಾಕಬಾರದು. ಕೈಗೆ ಗವಸು ಬೇಕು. ಪಕ್ಕದಲ್ಲಿ ಡಾಕ್ಟರ್ ಇರಬೇಕು. ಪ್ರತಿ ನಿಯಮಕ್ಕೂ ಯಾರದೋ ಒಂದು ಮೂಳೆ, ಯಾರದೋ ಒಂದು ಕಣ್ಣು ಖರ್ಚಾಗಿತ್ತು. ಕುಸ್ತಿಯವರು ಜೂಡೋ ಕಲಿತರು, ಜೂಡೋದವರು ಗುದ್ದಲು ಕಲಿತರು. ಈಗ ಯಾರು ಯಾವ ಗರಡಿಯವರೆಂದು ಹೇಳಲಾಗುವುದಿಲ್ಲ. ಕೋಳಿಶೆಡ್ಡಿದ್ದ ಜಾಗದಲ್ಲಿ ದೊಡ್ಡ ಸಭಾಂಗಣ ಎದ್ದಿದೆ. ಬಾಗಿಲಲ್ಲಿ ಸಾಹುಕಾರರ ಫೋಟೋ. ಅದರ ಕೆಳಗೆ, ಆಟಗಾರರ ರಕ್ಷಣೆಗಾಗಿ ಮೊದಲ ನಿಯಮ ತಂದ ಮಹನೀಯರು ಎಂದಿದೆ. ಅಣ್ಣನ ಎಡಗೈ ಇವತ್ತಿಗೂ ನೆಟ್ಟಗಾಗುವುದಿಲ್ಲ. ಅವನ ಫೋಟೋ ಎಲ್ಲೂ ಇಲ್ಲ.

ಆದರೆ ಮಾತು ಯಾರ ಕೈಗೂ ಸಿಗುವುದಿಲ್ಲ. ಸೋತು ತಟ್ಟುವುದಕ್ಕೆ ಅಲ್ಲಿ ಕಲಿಯುವ ಹುಡುಗ ಹುಡುಗಿಯರೆಲ್ಲ 'ಸಾಹುಕಾರ' ಎನ್ನುತ್ತಾರೆ. ಯಾರು ಶುರು ಮಾಡಿದರೆಂದು ಕೇಳಿದರೆ ಮೂಟೆ ಆಕಾಶ ನೋಡುತ್ತಾನೆ.

ಮೊನ್ನೆ ಅಲ್ಲಿಗೆ ಹೋಗಿದ್ದೆವು. ಬೋನಿನಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳ ತೋಳು ಹಿಡಿದಿದ್ದಳು. ಕೆಳಗಿದ್ದವಳು ಹಾಸನ್ನು ತಟ್ಟಿದಳು.

"ಸಾಹುಕಾರ!" ಎಂದು ಇಡೀ ಸಭಾಂಗಣ ಕೂಗಿತು. "ಸಾಹುಕಾರ! ಸಾಹುಕಾರ!"

ಮೊದಲ ಸಾಲಿನಲ್ಲಿ ಸಾಹುಕಾರರು ಕೋಲೂರಿ ಎದ್ದು ನಿಂತರು. ಜನರ ಕಡೆ ತಿರುಗಿ, ಕಣ್ಣು ತುಂಬಿಕೊಂಡು, ಕೈ ಮುಗಿದರು.

"ಪಾಪ," ಎಂದ ಮೂಟೆ. "ಶಭಾಷ್ ಅಂದ್ಕೊಂಡ್ರು."